ಐದನೇ ದರ್ಜೆಗೆ ಒಂದು ಓಟು

ಕೊಲಂಬಸ್, ಒಹಾಯೊ
೬ ಜೂನ್ ೧೯೯೪

ಪ್ರಿಯ ಎಮಿಲ್,

ಚುನಾವಣೆ ದೂರವಿದೆ, ಬೇಸ್‌ಬಾಲ್ ನೋಡುತ್ತಾ ಜನ ನಿದ್ದೆ ಹೋಗುತ್ತಿದ್ದಾರೆ. ಆದ್ದರಿಂದ ಮನುಷ್ಯಕುಲದ ಮುಂದಿರುವ ಏಕೈಕ ಗಂಭೀರ ಪ್ರಶ್ನೆಯನ್ನು ಎತ್ತಿಕೊಳ್ಳುವ ಕಾಲ ಬಂದಿದೆ. ಫುಟ್‌ಬಾಲ್ ಲೀಗಿನ ಇಪ್ಪತ್ತೆಂಟು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ, ಅಂದರೆ ಎದುರಾಳಿಗಳು ಓಡಿಬಂದು ನೆಲಕ್ಕೆ ಕೆಡವುವ ಮುಂಚೆ ಚೆಂಡು ಎಸೆಯಬೇಕಾದ ಆ ಇಪ್ಪತ್ತೆಂಟು ಮಹಾನುಭಾವರಲ್ಲಿ, ಯಾರು ಯಾವ ದರ್ಜೆ?

ಎಂದಿನಂತೆ ಮೂವತ್ತು ಜನ ತಜ್ಞರಿಗೆ ಚೀಟಿ ಹೋಗುತ್ತಿದೆ. ಹನ್ನೆರಡು ಮಂದಿ ಕೋಚ್‌ಗಳು. ಹತ್ತು ಮಂದಿ ನಿನ್ನಂತೆ ಒಳ್ಳೆಯ ಆಟಗಾರರನ್ನು ಹುಡುಕುತ್ತ ಊರೂರು ಅಲೆಯುವ ಸ್ಕೌಟ್‌ಗಳು. ಉಳಿದವರು ಕೆಲಸ ಕಳೆದುಕೊಂಡ ಕೋಚ್‌ಗಳು, ಇವರ ಅಭಿಪ್ರಾಯ ಎಲ್ಲರಿಗಿಂತ ಖಚಿತ.

ನಿಯಮ ಮರೆತಿದ್ದರೆ ಇನ್ನೊಮ್ಮೆ ಕೇಳು. ಒಂದನೇ ದರ್ಜೆ: ಇವನ ಕೈಗೆ ಚೆಂಡು ಕೊಟ್ಟು ಕೋಚ್ ಮೀನು ಹಿಡಿಯಲು ಹೋಗಬಹುದು. ಎರಡು: ಹೋಗಬಹುದು, ಆದರೆ ಆಗಾಗ ಫೋನ್ ಮಾಡಬೇಕು. ಮೂರು: ಪಕ್ಕದಲ್ಲೇ ನಿಂತಿರಬೇಕು. ನಾಲ್ಕು: ಪ್ರಾರ್ಥನೆ. ಐದು: ಹೊಸ ಕೋಚ್ ಬರುತ್ತಾನೆ. ಇವತ್ತಿನ ಆಟವನ್ನೂ ನಾಳೆಯ ಭರವಸೆಯನ್ನೂ ಸೇರಿಸಿ ತೂಗಬೇಕು. ಒಬ್ಬೊಬ್ಬನ ಬಗ್ಗೆಯೂ ಒಂದು ಸಾಲು ಬರೆಯಬೇಕು. ಚೆನ್ನಾಗಿದ್ದದ್ದನ್ನು ಪತ್ರಿಕೆಯಲ್ಲಿ ಹಾಕುತ್ತೇನೆ. ಬರೆದವನ ಹೆಸರು ನನ್ನ ಜೊತೆ ಮಣ್ಣಿಗೆ ಹೋಗುತ್ತದೆ.

ಟೊಲೆಡೊ ತಂಡದ ಮುಂದೆ ನಿನ್ನ ಟೆಡ್ಡಿಯ ಹೆಸರಿದೆ. ಏಳು ವರ್ಷದಿಂದ ಆ ಜಾಗ ಖಾಲಿ ಬಿಟ್ಟಿದ್ದೀಯ, ಈ ಸಲವೂ ಬಿಡು. ಸ್ವಂತ ಮಗನಿಗೆ ದರ್ಜೆ ಕೊಡು ಎಂದು ಕೇಳುವಷ್ಟು ನಾನಿನ್ನೂ ಕೆಟ್ಟಿಲ್ಲ.

ಐರೀನ್ ಕಳಿಸಿದ್ದ ಅಕ್ರೋಟಿನ ಸುರುಳಿ ಬ್ರೆಡ್ಡು ಒಂದನೇ ದರ್ಜೆ. ಮೀನು ಹಿಡಿಯಲು ಹೋಗಬಹುದು.

ನಿನ್ನ
ಮರ್ಲ್ ಗ್ಯಾಫ್ನಿ

*

ಆಂಬ್ರಿಜ್, ಪೆನ್ಸಿಲ್ವೇನಿಯಾ
೨೦ ಜೂನ್ ೧೯೯೪

ಮರ್ಲ್,

ಚೀಟಿ ತುಂಬಿ ಇದರ ಜೊತೆ ಇಟ್ಟಿದ್ದೇನೆ. ಟೊಲೆಡೊ ಮುಂದೆ ಐದು ಎಂದಿದೆ. ಕೈತಪ್ಪಿ ಬರೆದದ್ದಲ್ಲ.

ಈಸ್ಟರ್‌ಗೆ ಟೆಡ್ಡಿ ಬಂದಿದ್ದ. ಐರೀನ್ ಎಲೆಕೋಸಿನ ಹೊಲುಪ್ಕಿ ಮಾಡಿ, ಪಾತ್ರೆ ಹಿಡಿದು ಅವನ ಎಡಗಡೆ ನಿಂತಿದ್ದಳು. ಅವನು ನೆಟ್ಟಗೆ ನೋಡುತ್ತಾ “ಅಮ್ಮ, ಊಟಕ್ಕೆ ಇನ್ನೂ ಎಷ್ಟೊತ್ತು?” ಎಂದ. ಅವಳು ತಮಾಷೆಯೆಂದು ನಕ್ಕಳು. ನಾನು ಇಪ್ಪತ್ತೇಳು ವರ್ಷ ಹುಡುಗರ ಕಣ್ಣು ನೋಡಿಯೇ ಅನ್ನ ತಿಂದವನು. ನಗಲಿಲ್ಲ.

ಹೋದ ನವೆಂಬರಿನಲ್ಲಿ ಅವನ ತಲೆಗೆ ಬಿದ್ದ ಏಟು ನಿನಗೆ ನೆನಪಿದೆ. ತಂಡದ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿ ಸರಿಯಿದ್ದಾನೆ ಎಂದರಂತೆ. ಅಕ್ಷರಗಳೇನು ಎಡಗಡೆಯಿಂದ ಓಡಿಬರುತ್ತವೆಯೇ?

ಚರ್ಚಿನಿಂದ ಬಂದ ಮೇಲೆ ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದೆ.

“ಎಡಗಡೆ ಕಾಣಲ್ವೇನೋ?”

“ಕಾಣತ್ತೆ.”

“ಎಷ್ಟು?”

“ಬೇಕಾದಷ್ಟು. ಅಪ್ಪ, ನಂಗೆ ಮೂವತ್ತೊಂದು. ಇನ್ನೊಂದೆರಡು ವರ್ಷ ಅಷ್ಟೆ. ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಮಾತು ಕೊಡು.”

ಕೊಟ್ಟೆ. ಮಾತು ಕೊಡದಿದ್ದರೆ ಎದ್ದು ಹೊರಟುಬಿಡುತ್ತಿದ್ದ.

ಹಾಗಾಗಿ ಟೊಲೆಡೊಗೆ ಹೇಳುವಂತಿಲ್ಲ. ಹೇಳಿದರೂ, ಬೇರೆ ತಂಡದ ಸ್ಕೌಟ್ ಫೋನ್ ಮಾಡಿ ‘ನಿಮ್ಮ ಆಟಗಾರ ಸರಿಯಿಲ್ಲ’ ಎಂದರೆ ಯಾರು ನಂಬುತ್ತಾರೆ? ಆದರೆ ಅವರ ಮಾಲೀಕ, ಆ ಹಾಸಿಗೆ ವ್ಯಾಪಾರಿ, ನಿನ್ನ ದರ್ಜೆಪಟ್ಟಿಯನ್ನು ಕತ್ತರಿಸಿ ವರ್ಷವಿಡೀ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಟೆಡ್ಡಿ ಕೆಳಗಿಳಿದರೆ ಹೊಸ ಹುಡುಗನನ್ನು ಆಡಿಸಿ ಇವನನ್ನು ಬೆಂಚಿನ ಮೇಲೆ ಕೂರಿಸುತ್ತಾನೆ. ಬೆಂಚಿನ ಮೇಲೆ ಕೂತವನನ್ನು ಯಾರೂ ಬಂದು ಗುದ್ದುವುದಿಲ್ಲ.

ನನ್ನ ಸಾಲು: ‘ಕೈಯಲ್ಲಿ ದೋಷವಿಲ್ಲ. ಎಡಗಡೆಯಿಂದ ಬರುವವನು ಇವನಿಗೆ ಬಂದ ಮೇಲೇ ಕಾಣುತ್ತಾನೆ.’

ಎಮಿಲ್ ಹುಡಾಕ್

*

ಕೊಲಂಬಸ್
೫ ಜುಲೈ ೧೯೯೪

ಪ್ರಿಯ ಎಮಿಲ್,

ನಿನ್ನ ಕಾಗದವನ್ನು ಎರಡು ಸಲ ಓದಿದೆ, ಎರಡನೆಯ ಸಲ ಎಲ್ಲಾದರೂ ತಮಾಷೆ ಅಡಗಿದೆಯೇನೋ ಎಂದು ಹುಡುಕಿಕೊಂಡು. ಸಿಗಲಿಲ್ಲ. ಕೊಟ್ಟ ಮಾತು ಮುರಿದು ಅವನನ್ನು ಒಬ್ಬ ಒಳ್ಳೆಯ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗು ಮಾರಾಯ. ಮಾತು ಮುರಿಯುವುದರಲ್ಲಿ ನನಗೆ ಅನುಭವವಿದೆ, ಎರಡು ದಿನ ನೋಯುತ್ತದೆ.

ನೀನು ಮುರಿಯುವವನಲ್ಲ, ಅದೂ ಗೊತ್ತು. ನಿನ್ನ ಐದನ್ನು ಪಟ್ಟಿಗೆ ಸೇರಿಸಿದ್ದೇನೆ. ಸಾಲನ್ನು ಒಂದಕ್ಷರ ತಿದ್ದದೆ ಹಾಕುತ್ತೇನೆ. ಮಿಕ್ಕವರೆಲ್ಲ ‘ನಾಯಕತ್ವದ ಗುಣವಿದೆ’ ಎಂದು ಬರೆದು ಕಳಿಸಿದ್ದಾರೆ, ಇಪ್ಪತ್ತೆಂಟು ಜನರಿಗೂ ಇದೆಯಂತೆ. ಅದು ನಿಜವಾಗಿದ್ದರೆ ಈ ದೇಶ ಇಷ್ಟು ಕೆಡುತ್ತಿರಲಿಲ್ಲ.

ನಿನ್ನ
ಮರ್ಲ್

*

ಆಂಬ್ರಿಜ್
೯ ಆಗಸ್ಟ್ ೧೯೯೪

ಮರ್ಲ್,

ಪತ್ರಿಕೆ ನೋಡಿದೆ. ಟೆಡ್ಡಿ ಮೂರನೇ ದರ್ಜೆ, ಅದೂ ಮೂರರಲ್ಲಿ ಮೊದಲನೆಯವನು. ಎರಡಕ್ಕೆ ಕೂದಲೆಳೆಯಷ್ಟು ದೂರ ಎಂದು ನೀನೇ ಬರೆದಿದ್ದೀಯ. ಅದರ ಕೆಳಗೆ ನನ್ನ ಸಾಲು.

ಭಾನುವಾರ ಟೆಡ್ಡಿಯ ಫೋನ್ ಬಂತು. ಐರೀನ್ ಎತ್ತಿ, ಮುಖ ಸಣ್ಣಗೆ ಮಾಡಿಕೊಂಡು ನನಗೆ ಕೊಟ್ಟಳು.

“ಆ ಸಾಲು ನಿಂದಲ್ವ?” ಎಂದ.

ನಾನು ಪತ್ರಿಕೆ ಮಡಿಸಿ ಪಕ್ಕಕ್ಕಿಟ್ಟೆ.

“ಚಿಕ್ಕವನಿದ್ದಾಗಿಂದ ಊಟದ ಮೇಜಲ್ಲಿ ಕೇಳಿದೀನಿ. ಯಾರೋ ಪಾಪದ ಹುಡುಗನ ಬಗ್ಗೆ ಹೇಳ್ತಿದ್ದೆ, ‘ಅವನಿಗೆ ಬಂದ ಮೇಲೇ ಕಾಣ್ಸೋದು’ ಅಂತ. ನಾನೂ ಅಮ್ಮನೂ ನಗ್ತಿದ್ವಿ. ಎಷ್ಟು ಹಾಕಿದೆ?”

“ಟೆಡ್ಡಿ, ನಿನ್ನ ತಲೆ...”

“ಎಷ್ಟು ಹಾಕ್ದೆ ಅಂತ ಕೇಳ್ದೆ.”

“ಐದು.”

ಅವನು ನಕ್ಕ. “ಹೊರಗಿನೋರು ಅಷ್ಟೂ ಜನ ಮೂರು ಅಂದ್ರು. ಮನೆಯವನೊಬ್ಬ ಐದು. ಮಾತು ಕೊಟ್ಟಿದ್ದೆ ಅಪ್ಪ ನೀನು.”

“ನಿನ್ನ ಹೆಸರಾಗಲಿ ಏಟಿನ ವಿಷಯವಾಗಲಿ ನಾನು...”

“ಅಮ್ಮಂಗೆ ಕೊಡು.”

ಕೊಟ್ಟೆ. ಅವಳು ಹತ್ತು ನಿಮಿಷ ಕೇಳಿಸಿಕೊಂಡು ಫೋನ್ ಇಟ್ಟಳು. “ನಿನ್ನ ಜೊತೆ ಮಾತಾಡಲ್ವಂತೆ. ಐದು ಗೀದು ಅಂತ ಏನದು? ಅವನೇನು ಟೊಮೇಟೊನ?” ಎಂದು ಕೇಳಿದಳು. ಅವಳು ಅಡುಗೆಮನೆಯ ದೀಪ ಆರಿಸಿ ಹೋದಳು, ನಾನಿನ್ನೂ ಅಲ್ಲೇ ಕೂತಿದ್ದೆ.

ನಾನು ಐದು ಹಾಕಿದರೂ ಅವನು ಮೂರರ ಮೇಲಕ್ಕೆ ಹೋಗಿ ಕೂತದ್ದು ಹೇಗೆ?

ಎಮಿಲ್

*

ಕೊಲಂಬಸ್
೧೩ ಆಗಸ್ಟ್ ೧೯೯೪

ಪ್ರಿಯ ಎಮಿಲ್,

ಪಟ್ಟಿಯ ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಸೂಚನೆ ಇರುತ್ತದೆ. ಹತ್ತೊಂಬತ್ತು ವರ್ಷದಿಂದ ಇದೆ. ಅದನ್ನು ಓದಿದವರು ಇಬ್ಬರು, ನಾನು ಮತ್ತು ಅಚ್ಚುಮನೆಯ ಹೆಂಗಸು. ಒಬ್ಬೊಬ್ಬ ಆಟಗಾರನಿಗೆ ಬಂದ ಓಟುಗಳಲ್ಲಿ ಎಲ್ಲಕ್ಕಿಂತ ಮೇಲಿನ ಒಂದನ್ನೂ ಎಲ್ಲಕ್ಕಿಂತ ಕೆಳಗಿನ ಒಂದನ್ನೂ ತೆಗೆದುಹಾಕಿ, ಮಿಕ್ಕದ್ದನ್ನು ಮಾತ್ರ ಎಣಿಸುತ್ತೇವೆ. ಹಗೆಯವರ ಕಾಟ, ಭಾವಮೈದುನರ ಕಾಟ ಎರಡೂ ತಪ್ಪಲಿ ಎಂದು ಮಾಡಿದ ಏರ್ಪಾಡು. ಅಪ್ಪನ ವಿಷಯ ಆಗ ಹೊಳೆದಿರಲಿಲ್ಲ.

ಟೆಡ್ಡಿಗೆ ಬಂದ ಐದು ನಿನ್ನದೊಂದೇ. ಅದು ಎಣಿಕೆಗೇ ಬರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಹೇಳಿದಂತೆ. ಜುಲೈನಲ್ಲಿ ನಿನಗೆ ಬರೆಯುವಾಗಲೇ ನನಗಿದು ಗೊತ್ತಿತ್ತು. ನಿನ್ನ ಓಟು ಬಿದ್ದುಹೋಗುತ್ತದೆ, ಸಾಲು ಮಾತ್ರ ಉಳಿಯುತ್ತದೆ ಎಂದು ತಿಳಿದೂ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಸಾಲನ್ನು ವಾಪಸು ಕೇಳುತ್ತಿದ್ದೆ. ಆ ಸಾಲು ಚೆನ್ನಾಗಿತ್ತು, ಎಮಿಲ್. ಇದಕ್ಕಿಂತ ಮರ್ಯಾದಸ್ಥ ಕಾರಣವೊಂದು ಸಿಗುತ್ತದೇನೋ ಎಂದು ಮೂರು ದಿನ ಹುಡುಕಿದೆ.

ಬೈದು ಬರೆ. ಬರೆಯದೆ ಇರಬೇಡ.

ಮರ್ಲ್

*

ಆಂಬ್ರಿಜ್
೭ ಸೆಪ್ಟೆಂಬರ್ ೧೯೯೪

ಮರ್ಲ್,

ಬೈಯಲು ಕೂತರೆ ನಿನ್ನಿಂದ ಶುರುಮಾಡಿ ನನ್ನಲ್ಲಿಗೇ ಬಂದು ನಿಲ್ಲುತ್ತೇನೆ. ಆದ್ದರಿಂದ ಬಿಟ್ಟಿದ್ದೇನೆ.

ಮೊದಲ ಆಟವನ್ನು ಐರೀನ್ ಜೊತೆ ಟಿವಿಯಲ್ಲಿ ನೋಡಿದೆ. ಮೊದಲ ಅರ್ಧದಲ್ಲೇ ನಾಲ್ಕು ಸಲ ಟೆಡ್ಡಿಯನ್ನು ನೆಲಕ್ಕೆ ಹಾಕಿದರು. ನಾಲ್ಕೂ ಸಲ ಎಡಗಡೆಯಿಂದ. ಅಲ್ಲಿ ಕಾವಲಿಗೆ ಒಬ್ಬ ಧಾಂಡಿಗ ಇದ್ದಾನೆ. ಅವನ ಮೇಲೆ ಇಬ್ಬರು, ಮೂವರು ಬರುತ್ತಿದ್ದರು. ಯಾವ ತಂಡವೂ ಹಾಗೆ ಒಂದೇ ಕಡೆ ಜನ ಸುರಿಯುವುದಿಲ್ಲ.

“ಅವರೆಲ್ಲ ಯಾಕೆ ಅದೇ ಕಡೆಯಿಂದ ಬರ್ತಿದಾರೆ?” ಎಂದು ಐರೀನ್ ಕೇಳಿದಳು. ಫುಟ್‌ಬಾಲ್ ಎಂದರೆ ಆಗದ ಹೆಂಗಸು, ಅವಳಿಗೂ ಕಂಡಿತು.

ಸೋಮವಾರ ಆ ಎದುರಾಳಿ ತಂಡದ ಸ್ಕೌಟ್ ಒಬ್ಬ ಬೇರೇನೋ ವಿಷಯಕ್ಕೆ ಫೋನ್ ಮಾಡಿದ್ದ. ಪರಿಚಯದವನು, ಕೆಟ್ಟವನಲ್ಲ. “ನಿನ್ನ ಹುಡುಗಂಗೆ ಏನೂ ಆಗಿಲ್ಲ ತಾನೆ? ಬೇಜಾರು ಮಾಡ್ಕೋಬೇಡ ಎಮಿಲ್. ಗ್ಯಾಫ್ನಿ ಪಟ್ಟಿಲಿ ಯಾರೋ ಒಂದು ಸಾಲು ಹೇಳಿದ್ರಲ್ಲ, ನಮ್ಮ ಕೋಚು ಅದನ್ನ ದೊಡ್ಡದಾಗಿ ಬರೆಸಿ ಗೋಡೆಗೆ ಅಂಟ್ಸಿದ್ರು. ಹೇಳಿದೋನು ಯಾರೋ ಗೊತ್ತಿಲ್ಲ, ಕಣ್ಣು ಇರೋನು.”

ಇಪ್ಪತ್ತೇಳು ವರ್ಷ ನಾನು ಬರೆದದ್ದೆಲ್ಲ ಬೀಗ ಹಾಕಿದ ಕಪಾಟಿಗೆ ಹೋಗಿದೆ. ಎದುರಾಳಿ ಓದುತ್ತಾನೆಂದು ಯೋಚಿಸಿ ಬರೆಯುವ ಅಭ್ಯಾಸವೇ ನನಗಿಲ್ಲ. ಯಾವನ ಯಾವ ಕಡೆ ಕುರುಡು ಎಂದು ಬರೆಯುವುದೇ ನನ್ನ ಕೆಲಸ. ಆ ಕೆಲಸವನ್ನು ನನ್ನ ಮಗನ ಮೇಲೆ, ಇಡೀ ಲೀಗಿಗಾಗಿ ಮಾಡಿಕೊಟ್ಟೆ.

ಇನ್ನು ಹದಿನೈದು ಆಟಗಳಿವೆ. ನಿನ್ನಿಂದ ಯಾವತ್ತೂ ಏನೂ ಕೇಳಿಲ್ಲ. ಅವನಿಗೆ ಎಡಗಡೆ ಚೆನ್ನಾಗಿ ಕಾಣುತ್ತದೆ ಎಂದು ಪತ್ರಿಕೆಯಲ್ಲಿ ಬರೆ.

ಎಮಿಲ್

*

ಕೊಲಂಬಸ್
೧೯ ಸೆಪ್ಟೆಂಬರ್ ೧೯೯೪

ಪ್ರಿಯ ಎಮಿಲ್,

ಬರೆದೆ. ಕತ್ತರಿಸಿ ಜೊತೆಗಿಟ್ಟಿದ್ದೇನೆ. ‘ಬೇಸಿಗೆಯಲ್ಲಿ ನಮ್ಮ ಪಟ್ಟಿಯ ಪಂಡಿತರೊಬ್ಬರು ಟೆಡ್ ಹುಡಾಕನ ಎಡಗಡೆಯ ಬಗ್ಗೆ ಸುರಿಸಿದ ಕಣ್ಣೀರು ವ್ಯರ್ಥವಾಯಿತು. ಮೊದಲ ಆಟದ ಚಿತ್ರವನ್ನು ಹನ್ನೊಂದು ಸಲ ನೋಡಿದ ಮೇಲೆ ನಾವು ಸಾರುವುದೇನೆಂದರೆ, ಹುಡಾಕ್ ಎಡಗಡೆಯಿಂದ ಬರುವವನನ್ನು ಎಲ್ಲರಿಗಿಂತ ಮೊದಲು ನೋಡುತ್ತಾನೆ, ನೋಡಿಯೂ ಬೇಕೆಂದೇ ಕೊನೆಯ ಕ್ಷಣದವರೆಗೆ ಕಾಯುತ್ತಾನೆ. ಇದು ಕುರುಡಲ್ಲ, ಧೈರ್ಯ. ಪಂಡಿತರು ಕನ್ನಡಕ ಬದಲಿಸತಕ್ಕದ್ದು.’

ಮೂವತ್ತು ವರ್ಷದಲ್ಲಿ ಇದು ನನ್ನ ಮೊದಲ ಸುಳ್ಳೇನಲ್ಲ. ಒಳ್ಳೆಯ ಉದ್ದೇಶಕ್ಕೆ ಬರೆದ ಮೊದಲನೆಯದು. ಓದುಗರು ತುಂಬ ಮೆಚ್ಚಿದ್ದಾರೆ, ಅದೇ ಭಯವಾಗುತ್ತಿದೆ.

ನಿನ್ನ
ಮರ್ಲ್

*

ಆಂಬ್ರಿಜ್
೨೮ ಡಿಸೆಂಬರ್ ೧೯೯೪

ಮರ್ಲ್,

ಮೂರು ತಿಂಗಳಿಂದ ಬರೆದಿಲ್ಲ. ನಿನ್ನ ಕಾಗದಗಳೆಲ್ಲ ಬಂದಿವೆ.

ನಿನ್ನ ಸುಳ್ಳು ಏಳು ವಾರ ಕೆಲಸ ಮಾಡಿತು. ಎಡಗಡೆ ಜನ ಸುರಿಯುವುದನ್ನು ನಿಲ್ಲಿಸಿದರು, ಟೆಡ್ಡಿ ಮೂರು ಆಟ ಗೆದ್ದ. ನವೆಂಬರಿನಲ್ಲಿ ಒಬ್ಬ ಹೊಸ ಹುಡುಗ ಎಡಗಡೆಯಿಂದಲೇ ಬಂದ. ಪತ್ರಿಕೆ ಓದುವ ಪೈಕಿ ಅಲ್ಲವೆಂದು ಕಾಣುತ್ತದೆ. ಟೆಡ್ಡಿ ಕೈಯೆತ್ತಿಕೊಂಡು ನಿಂತಿದ್ದ, ಮುಖ ಕೂಡ ಆ ಕಡೆ ತಿರುಗಿಸಲಿಲ್ಲ.

ಮೈದಾನದಲ್ಲಿ ಆರು ನಿಮಿಷ ಬಿದ್ದಿದ್ದ. ಆಮೇಲೆ ಎದ್ದು ಎದುರಾಳಿಗಳ ಬೆಂಚಿಗೆ ಹೋಗಿ ಕೂತ. ಜನ ನಕ್ಕರು, ಟಿವಿಯಲ್ಲಿ ಮಾತಾಡುವವರೂ ನಕ್ಕರು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಹಾಸಿಗೆ ವ್ಯಾಪಾರಿ ಅವನನ್ನು ತಂಡದಿಂದ ಬಿಟ್ಟುಬಿಟ್ಟ.

ಈಗ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಇದ್ದಾನೆ. ನನ್ನ ಹತ್ತಿರ ಮಾತಿಲ್ಲ. ಹೇಳುವುದಿದ್ದರೆ ಐರೀನ್ ಮೂಲಕ. ಒಂದೇ ಮೇಜಿಗೆ ಕೂತು “ಅಮ್ಮ, ಉಪ್ಪು ಕೊಡಕ್ಕೆ ಹೇಳು” ಎನ್ನುತ್ತಾನೆ. ಅವಳು “ಎಮಿಲ್, ಉಪ್ಪು” ಎನ್ನುತ್ತಾಳೆ. ನಾನು ಅವನ ಬಲಗಡೆಗೆ ಸರಿಸುತ್ತೇನೆ. ಎಡಗಡೆ ಇಟ್ಟರೆ ಹುಡುಕಾಡುತ್ತಾನೆ.

ಹೋದ ವಾರ ಕಾರು ತೆಗೆದುಕೊಂಡು ಅಂಗಡಿಗೆ ಹೋಗಿದ್ದ. ವಾಪಸು ಬಂದಾಗ ಎಡಗಡೆಯ ಕನ್ನಡಿ ಇರಲಿಲ್ಲ. ಅದು ಹೋದದ್ದೇ ಅವನಿಗೆ ಗೊತ್ತಿರಲಿಲ್ಲ.

ಆದರೂ ಒಂದು ಸಮಾಧಾನ ಬರೆಯುತ್ತೇನೆ, ತಪ್ಪು ತಿಳಿಯಬೇಡ. ಇನ್ನು ಆಡುವುದಿಲ್ಲವಲ್ಲ.

ಎಮಿಲ್

*

ಕೊಲಂಬಸ್
೧೪ ಮಾರ್ಚ್ ೧೯೯೫

ಪ್ರಿಯ ಎಮಿಲ್,

ಇದು ನಿನಗೆ ಟೆಡ್ಡಿಯಿಂದ ತಿಳಿದಿರಲಾರದು, ನನ್ನಿಂದ ತಿಳಿಯಲಿ. ಒಮಾಹಾ ತಂಡದವರು ಅವನನ್ನು ಕರೆಯುತ್ತಿದ್ದಾರೆ. ಅವರ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಮುರಿದು ಬಿದ್ದಿದ್ದಾರೆ. ಎರಡು ಕಾಲ ಮೇಲೆ ನಿಂತಿರುವ ಮೂರನೇ ದರ್ಜೆಯ ಯಾರಾದರೂ ಸಾಕಂತೆ.

ಅವರ ಮ್ಯಾನೇಜರ್ ನಿನ್ನೆ ನನಗೇ ಫೋನ್ ಮಾಡಿದ್ದರು. “ನೀವೇ ಬರೆದಿದ್ರಲ್ಲ ಗ್ಯಾಫ್ನಿ, ಇದು ಕುರುಡಲ್ಲ, ಧೈರ್ಯ ಅಂತ. ನಮ್ಮ ಮಾಲೀಕರಿಗೆ ಆ ಮಾತು ಬಾಯಿಪಾಠ ಆಗಿದೆ.”

ಅದು ಸುಳ್ಳು ಎಂದೆ. ಅವನಿಗೆ ಎಡಗಡೆ ಕಾಣುವುದಿಲ್ಲ, ನಾನು ಬೇಕೆಂದೇ ಸುಳ್ಳು ಬರೆದೆ ಎಂದೆ. ಆತ ಜೋರಾಗಿ ನಕ್ಕರು. ನಾನು ಮತ್ತೆ ಹೇಳಿದೆ. ಇನ್ನೂ ಜೋರಾಗಿ ನಕ್ಕರು. ದೇವರಾಣೆ ಎಂದೆ. “ಅಬ್ಬ, ನಿಲ್ಸಿ ಮಾರಾಯ್ರೆ, ಹೊಟ್ಟೆ ನೋಯತ್ತೆ” ಎಂದು ಪಕ್ಕದವರನ್ನೂ ಕರೆದು ಫೋನ್ ಕೊಟ್ಟರು. ಅವರಿಗೂ ಹೇಳಿದೆ. ಅವರೂ ನಕ್ಕರು.

ಮೂವತ್ತು ವರ್ಷ ಜನರನ್ನು ನಗಿಸಿದ್ದಕ್ಕೆ ಸಿಕ್ಕ ಪದವಿ ಇದು. ಇನ್ನು ಮೇಲೆ ನನಗೆ ಬೆಂಕಿ ಬಿದ್ದಿದೆ ಎಂದು ಕೂಗಿದರೂ ಚಪ್ಪಾಳೆ ಬೀಳುತ್ತದೆ.

ನೀನು ಹೇಳು. ಸ್ಕೌಟ್ ಆಗಿ ಅಲ್ಲ, ಅಪ್ಪನಾಗಿ ಫೋನ್ ಮಾಡು. ಈ ಸಲ ಮಾತು ಮುರಿ.

ಮರ್ಲ್

*

ಒಮಾಹಾ, ನೆಬ್ರಾಸ್ಕಾ
೧೧ ಏಪ್ರಿಲ್ ೧೯೯೫

ಮರ್ಲ್,

ಮಾತು ಮುರಿದೆ. ನಿನ್ನ ಕಾಗದ ಬಂದ ದಿನವೇ ಒಮಾಹಾಕ್ಕೆ ಫೋನ್ ಮಾಡಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಏಟು, ಈಸ್ಟರ್ ಊಟ, ಕಾರಿನ ಕನ್ನಡಿ. ನಿನ್ನ ಮ್ಯಾನೇಜರ್ ನನ್ನ ಹತ್ತಿರ ನಗಲಿಲ್ಲ. ಮರ್ಯಾದೆಯಿಂದಲೇ ಮಾತಾಡಿದರು.

“ಹುಡಾಕ್ ಅವರೆ, ಆ ಐದು ಹಾಕಿದ್ದು ನೀವು ಅಂತ ನಿಮ್ಮ ಮಗನೇ ನಮಗೆ ಹೇಳಿದಾನೆ. ನಿಮ್ಮಿಬ್ಬರಿಗೂ ಮಾತಿಲ್ಲ ಅನ್ನೋದೂ ಹೇಳಿದಾನೆ. ನಂಗೂ ಮಗ ಇದಾನೆ, ಅರ್ಥ ಆಗತ್ತೆ. ನಮ್ಮ ಡಾಕ್ಟರು ನೋಡ್ತಾರೆ ಬಿಡಿ.”

ಡಾಕ್ಟರು ನೋಡಿದರು. ಗೋಡೆಯ ಮೇಲಿನ ಅಕ್ಷರ ಓದಿಸಿದರು.

ನಾನು ಫೋನ್ ಮಾಡಿದ್ದು ಟೆಡ್ಡಿಗೂ ತಿಳಿಯಿತು. ಅಂದಿನಿಂದ ಐರೀನ್ ಮೂಲಕ ಉಪ್ಪು ಕೂಡ ಕೇಳಲಿಲ್ಲ, ಎದ್ದು ಹೋಗಿ ತಾನೇ ತೆಗೆದುಕೊಳ್ಳುತ್ತಿದ್ದ.

ಶನಿವಾರ ಬೆಳಿಗ್ಗೆ ಚೀಲ ಕಟ್ಟಿ ಕಾರಿನಲ್ಲಿಟ್ಟ. ಒಂಬೈನೂರು ಮೈಲಿ ಒಬ್ಬನೇ ಓಡಿಸಿಕೊಂಡು ಹೋಗುತ್ತೇನೆಂದು ಅಮ್ಮನಿಗೆ ಹೇಳಿದ. ಐರೀನ್ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ಕೀಲಿ ಬಚ್ಚಿಡು ಎಮಿಲ್.”

“ಬಚ್ಚಿಟ್ರೆ ಬಸ್ ಹತ್ತಿ ಹೋಗ್ತಾನೆ.”

“ಹಂಗಾದ್ರೆ ಏನಾದ್ರೂ ಮಾಡು. ಇಷ್ಟು ದಿನ ಮಾಡ್ದೆಯಲ್ಲ, ಇದೂ ಒಂದು ಮಾಡು.”

ಹೋಗಿ ಸ್ಟೀರಿಂಗ್ ಹಿಂದೆ ಕೂತೆ. ಟೆಡ್ಡಿ ಹೊರಗೆ ನಿಂತು ಸುಮಾರು ಹೊತ್ತು ಯೋಚಿಸಿದ. ಆಮೇಲೆ ಸುತ್ತಿಕೊಂಡು ಬಂದು ಆ ಕಡೆಯ ಬಾಗಿಲು ತೆಗೆದು ಕೂತ.

ಹೀಗೆ ಅವನನ್ನು ನಾನೇ ಕರೆದುಕೊಂಡು ಬಂದೆ. ಒಹಾಯೊ, ಇಂಡಿಯಾನಾ, ಇಲಿನಾಯ್, ಅಯೋವಾ. ಈ ದಾರಿಯಲ್ಲಿರುವ ಎಲ್ಲ ಕಾಲೇಜುಗಳ ಮೈದಾನವೂ ನನಗೆ ಗೊತ್ತು, ಎಲ್ಲಿ ಯಾವ ಹುಡುಗನನ್ನು ನೋಡಿದೆ, ಏನು ಬರೆದೆ ಎಂದು ಗೊತ್ತು. ಎರಡು ದಿನ ಅವನು ಮುಂದಿನ ಗಾಜನ್ನು ನೋಡುತ್ತ ಕೂತಿದ್ದ. ಸ್ಟೀರಿಂಗ್ ಇರುವುದು ಎಡಗಡೆ ತಾನೆ, ಕಾರು ಓಡಿಸುತ್ತ ನಾನು ಕೂತಿದ್ದದ್ದು ಅವನ ಎಡಗಡೆ. ತಲೆ ತಿರುಗಿಸದ ಹೊರತು ನಾನು ಅಲ್ಲಿರುವುದೇ ಅವನಿಗೆ ಕಾಣುವಂತಿರಲಿಲ್ಲ, ಅವನು ತಿರುಗಿಸಲಿಲ್ಲ. ಐರೀನ್ ಕಟ್ಟಿಕೊಟ್ಟಿದ್ದ ಸ್ಯಾಂಡ್‌ವಿಚ್ ಇಲಿನಾಯಿನಲ್ಲಿ ಅರ್ಧ ಮುರಿದು ನನ್ನ ಕಡೆ ಚಾಚಿದ. ಅಂದಾಜಿನ ಮೇಲೆ ಚಾಚಿದ್ದು, ಗೇರಿನ ಹತ್ತಿರ. ತೆಗೆದುಕೊಂಡೆ.

ನಿನ್ನೆ ಒಮಾಹಾ ತಂಡದ ಕಟ್ಟಡದ ಮುಂದೆ ನಿಲ್ಲಿಸಿದೆ. ಇಂಜಿನ್ ಆರಿಸಿದ ಮೇಲೆ ಮಾತಾಡಿದ. ಆಗಸ್ಟಿನಿಂದ ಈಚೆಗೆ ಇದೇ ಮೊದಲು.

“ಯಾಕೆ ಬಂದೆ?”

“ನೀನೊಬ್ನೇ ಓಡಿಸಿದ್ರೆ ದಾರೀಲಿ ಸಾಯ್ತಿದ್ದೆ.”

“ಇಲ್ಲಿ?”

ಕೋಪದಿಂದ ಕೇಳಿದ್ದಲ್ಲ ಮರ್ಲ್. ನಿಜವಾಗಿ ನನ್ನ ಅಭಿಪ್ರಾಯ ಬೇಕು ಎನ್ನುವ ಹಾಗೆ, ಸ್ಕೌಟ್ ಒಬ್ಬನನ್ನು ಕೇಳುವ ಹಾಗೆ ಕೇಳಿದ. ಉತ್ತರ ನನಗೆ ಗೊತ್ತಿತ್ತು. ಇಳಿದು ಹಿಂದಕ್ಕೆ ಹೋಗಿ, ಡಿಕ್ಕಿ ತೆಗೆದು, ಅವನ ಚೀಲ ಇಳಿಸಿಕೊಟ್ಟೆ.

ಎಮಿಲ್ ಹುಡಾಕ್